ಎಳೆ ಕುದುರೆ ಹಟ ಹಿಡಿದಾಗ ಕೈ ಯಾವಾಗ ಸಡಿಲ ಬಿಡಬೇಕು?

ಮೂಡಿಗೆರೆ ಕಡೆ ನಮ್ಮ ತೋಟದಿಂದ ರಸ್ತೆಗೆ ಬರುವ ದಾರಿಯಲ್ಲಿ ಒಂದು ಹಳ್ಳ ಇದೆ. ಬೇಸಿಗೆಯಲ್ಲಿ ಪಾದ ಮುಳುಗುವಷ್ಟು ನೀರು. ನಾಲ್ಕು ವರ್ಷದ ನಮ್ಮ ಕುದುರೆ ಮಲ್ಲ ಮೊದಲ ಸಲ ಅಲ್ಲಿಗೆ ಬಂದಾಗ ಗಕ್ಕನೆ ನಿಂತುಬಿಟ್ಟ. ಎರಡೂ ಕಿವಿ ಮುಂದಕ್ಕೆ ನೆಟ್ಟಿದ್ದವು. ಮೂಗಿನ ಹೊಳ್ಳೆ ಅರಳಿತ್ತು. ಕತ್ತು ಹಲಗೆ ಥರ ಗಟ್ಟಿಯಾಗಿತ್ತು. ನಾನು ಹಿಮ್ಮಡಿಯಲ್ಲಿ ಒತ್ತಿದೆ. ಅವನು ಒಂದು ಹೆಜ್ಜೆ ಹಿಂದೆ ಹೋದ. ಇನ್ನೂ ಜೋರಾಗಿ ಒತ್ತಿದೆ. ಮತ್ತೆರಡು ಹೆಜ್ಜೆ ಹಿಂದೆ. ಹತ್ತು ನಿಮಿಷ ಹೀಗೇ ನಡೆಯಿತು. ಕೊನೆಗೆ ಸಾಕಾಗಿ ಇಳಿದೆ. ಜೀನಿನ ಹೊಟ್ಟೆಪಟ್ಟಿ ಸಡಿಲ ಮಾಡಿ, ಲಾಯಕ್ಕೆ ನಡೆಸಿಕೊಂಡು ಬಂದೆ.

ಆ ದಿನ ಮಲ್ಲ ಒಂದು ಪಾಠ ಚೆನ್ನಾಗಿ ಕಲಿತ. ಹಳ್ಳದ ಹತ್ತಿರ ನಿಂತು ಹಿಂದೆ ಸರಿದರೆ ಬೆನ್ನಿನ ಭಾರ ಇಳಿಯುತ್ತದೆ, ಪಟ್ಟಿ ಸಡಿಲವಾಗುತ್ತದೆ, ಮನೆ ಸೇರಬಹುದು. ಕಲಿಸಿದ್ದು ನಾನೇ. ಮಾರನೇ ದಿನ ಅವನು ಹಳ್ಳ ಇನ್ನೂ ಐವತ್ತು ಅಡಿ ಇರುವಾಗಲೇ ನಿಂತ.

ನೋಡಿದವರು "ಹಟ ಹಿಡಿದಿದೆ, ಎರಡು ಬಿಟ್ರೆ ಸರಿ ಹೋಗುತ್ತೆ" ಅಂದರು. ನನಗೆ ಈ 'ಹಟ' ಅನ್ನುವ ಪದದ ಮೇಲೇ ತಕರಾರು. ಹಟ ಅಂದ ಕೂಡಲೇ ನಮ್ಮ ತಲೆ ಯಾರು ಗೆಲ್ಲಬೇಕು ಅನ್ನುವ ಕಡೆ ಹೋಗುತ್ತದೆ. ಕುದುರೆ ಯಾಕೆ ನಿಂತಿತು ಅನ್ನುವ ಪ್ರಶ್ನೆ ಅಲ್ಲಿಗೆ ಮುಗಿದುಹೋಗುತ್ತದೆ.

ಎಳೆ ಕುದುರೆ ಮಾತು ಕೇಳದಿದ್ದಾಗ ಸಾಮಾನ್ಯವಾಗಿ ನಾಲ್ಕರಲ್ಲಿ ಒಂದು ಕಾರಣ ಇರುತ್ತದೆ. ಎಲ್ಲೋ ನೋವಿದೆ. ಇಲ್ಲ, ಹೆದರಿದೆ. ಇಲ್ಲ, ನಾವು ಕೇಳಿದ್ದು ಅರ್ಥವಾಗಿಲ್ಲ. ಇಲ್ಲ, ಹೀಗೆ ಮಾಡಿದರೆ ಲಾಭ ಇದೆ ಅಂತ ನಾವೇ ಗೊತ್ತಿಲ್ಲದೆ ಕಲಿಸಿದ್ದೇವೆ. ಹೊರಗಿನಿಂದ ನೋಡಿದರೆ ನಾಲ್ಕೂ ಒಂದೇ ಥರ ಕಾಣುತ್ತವೆ, ಅದೇ ಕಷ್ಟ. ಮದ್ದು ಮಾತ್ರ ಬೇರೆ ಬೇರೆ. ನೋವಿರುವ ಕುದುರೆಗೆ ಪಾಠ ಹೇಳಿ ಪ್ರಯೋಜನ ಇಲ್ಲ. ಹೆದರಿದ ಕುದುರೆಗೆ ಹೊಡೆದರೆ ಹೆದರಲು ಇನ್ನೊಂದು ಕಾರಣ ಕೊಟ್ಟ ಹಾಗೆ.

ಅದರ ಕಣ್ಣಿಗೆ ಕಾಣುವುದು

ಕುದುರೆ ಬಯಲಿನಲ್ಲಿ ಹುಲ್ಲು ಮೇದು, ಬೇಟೆಯಾಡುವ ಪ್ರಾಣಿಗಳಿಂದ ಓಡಿ ಬದುಕಿ ಬಂದ ಪ್ರಾಣಿ. ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿವೆ. ತಲೆ ಚೂರೂ ತಿರುಗಿಸದೆ ಸುಮಾರು 350 ಡಿಗ್ರಿ ನೋಡಬಲ್ಲದು. ಕಾಣದಿರುವುದು ಎರಡೇ ಕಡೆ: ಬಾಲದ ನೇರ ಹಿಂದೆ, ಮತ್ತು ಹಣೆಯ ನೇರ ಮುಂದೆ, ಮೂತಿಯ ಕೆಳಗೆ. ಈಗ ಹಳ್ಳದ ಹತ್ತಿರ ನಾನು ಮಾಡಿದ್ದನ್ನು ನೋಡಿ. ಹೆದರಿಕೆಯಿಂದ ಲಗಾಮು ಗಿಡ್ಡ ಹಿಡಿದಿದ್ದೆ. ಅವನ ತಲೆ ಮೇಲಕ್ಕೇ ನಿಂತಿತ್ತು. ಕಾಲಿನ ಮುಂದಿನ ನೀರು ಎಷ್ಟು ಆಳ ಅಂತ ತಲೆ ಬಗ್ಗಿಸಿ ನೋಡಬೇಕು, ಮೂಸಬೇಕು. ನಾನು ಅದಕ್ಕೇ ಅವಕಾಶ ಕೊಡಲಿಲ್ಲ. ಕಣ್ಣು ಕಟ್ಟಿ ಮುಂದೆ ನಡಿ ಅಂದ ಹಾಗಾಯಿತು.

ಬಣ್ಣದ ವಿಷಯವೂ ಹಾಗೇ. ಕುದುರೆಗೆ ನೀಲಿ, ಹಳದಿ ಚೆನ್ನಾಗಿ ಕಾಣುತ್ತವೆ. ಕೆಂಪು ಮತ್ತು ಹಸಿರಿನ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ. ಹಾಗಾಗಿ ಕಾಫಿ ಕಣದಲ್ಲಿ ಹರವಿದ ನೀಲಿ ಟಾರ್ಪಾಲು ಅದಕ್ಕೆ ಎದ್ದು ಕಾಣುತ್ತದೆ. ಬಿಸಿಲಿನಿಂದ ನೆರಳಿಗೆ ಬಂದರೆ ಅದರ ಕಣ್ಣು ಹೊಂದಿಕೊಳ್ಳಲು ನಮ್ಮ ಕಣ್ಣಿಗಿಂತ ಜಾಸ್ತಿ ಹೊತ್ತು ಬೇಕು. ಕಣದ ಸುಡು ಬಿಸಿಲಿನಿಂದ ಸಿಲ್ವರ್ ಓಕ್ ನೆರಳಿನ ದಾರಿಗೆ ತಿರುಗುವ ಜಾಗದಲ್ಲಿ ಎಷ್ಟೋ ಕುದುರೆಗಳು ಒಂದು ಗಳಿಗೆ ನಿಲ್ಲುತ್ತವೆ. ಅದು ತಂಟೆ ಅಲ್ಲ. ಮೂರು ಉಸಿರು ಕಾಯಿರಿ, ತಾನೇ ಹೋಗುತ್ತದೆ.

ಕುದುರೆ ನಮ್ಮನ್ನು ಎಷ್ಟು ಸೂಕ್ಷ್ಮವಾಗಿ ಓದುತ್ತದೆ ಅನ್ನುವುದಕ್ಕೆ ಬರ್ಲಿನ್‌ನ ಹಾನ್ಸ್ ಎಂಬ ಕುದುರೆಯ ಕಥೆ ಹೇಳಲೇಬೇಕು. 1904ರ ಹೊತ್ತಿಗೆ ಅದು ಲೆಕ್ಕ ಮಾಡುತ್ತದೆ ಅಂತ ಊರೆಲ್ಲ ಹೆಸರಾಗಿತ್ತು. ಮೂರು ಮತ್ತು ನಾಲ್ಕು ಎಷ್ಟು ಅಂದರೆ ಗೊರಸನ್ನು ಏಳು ಸಲ ಬಡಿಯುತ್ತಿತ್ತು. ಆಸ್ಕರ್ ಫುಂಗ್‌ಸ್ಟ್ ಎಂಬ ಮನಶ್ಶಾಸ್ತ್ರಜ್ಞ ಪರೀಕ್ಷೆ ಮಾಡಿ 1907ರಲ್ಲಿ ಗುಟ್ಟು ಬಿಡಿಸಿದರು. ಕೇಳುವವರಿಗೇ ಉತ್ತರ ಗೊತ್ತಿಲ್ಲದಿದ್ದರೆ ಹಾನ್ಸ್‌ಗೂ ಗೊತ್ತಾಗುತ್ತಿರಲಿಲ್ಲ. ಸರಿಯಾದ ಸಂಖ್ಯೆ ಬಂದಾಗ ಕೇಳಿದವರ ತಲೆ ಅವರಿಗೇ ಅರಿವಿಲ್ಲದೆ ಕೂದಲೆಳೆಯಷ್ಟು ಮೇಲೇಳುತ್ತಿತ್ತು. ಹಾನ್ಸ್ ಅದನ್ನು ನೋಡಿ ಬಡಿಯುವುದು ನಿಲ್ಲಿಸುತ್ತಿತ್ತು. ಇಷ್ಟು ಸಣ್ಣದು ಕಾಣುವ ಪ್ರಾಣಿಗೆ ನಮ್ಮ ತೊಡೆ ಬಿಗಿಯಾದದ್ದು, ಉಸಿರು ಹಿಡಿದದ್ದು ಗೊತ್ತಾಗದೆ ಇರುತ್ತದಾ?

ಮೊದಲು ಮೈ ನೋಡಿ

ಎಳೆ ಕುದುರೆ ನಿನ್ನೆವರೆಗೆ ಚೆನ್ನಾಗಿದ್ದು ಇವತ್ತು ತಿರುಗಿ ಬಿದ್ದರೆ, ಪಾಠ ನಿಲ್ಲಿಸಿ ಮೈ ನೋಡಬೇಕು. ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ಜಾಸ್ತಿ ಕುದುರೆಗಳಿಗೆ ಅನ್ಯಾಯ ಆಗುವುದು ಇಲ್ಲೇ.

ಬಾಯಿಂದ ಶುರು ಮಾಡೋಣ. ಕುದುರೆಗೆ ಹಾಲುಹಲ್ಲು 24. ಮುಂದಿನ ಹಲ್ಲುಗಳು ಎರಡೂವರೆ ವರ್ಷಕ್ಕೆ ನಡುವಿನ ಜೋಡಿ, ಮೂರೂವರೆಗೆ ಅದರ ಪಕ್ಕದ್ದು, ನಾಲ್ಕೂವರೆಗೆ ಮೂಲೆಯದು ಅಂತ ಬದಲಾಗುತ್ತವೆ. ದವಡೆಯ ಹಾಲುಹಲ್ಲುಗಳೂ ಹೆಚ್ಚು ಕಡಿಮೆ ಎರಡೂವರೆಯಿಂದ ನಾಲ್ಕು ವರ್ಷದ ಒಳಗೇ ಉದುರುತ್ತವೆ. ಅಂದರೆ ನಾವು ಬಾಯಿಗೆ ಕಡಿವಾಣ ಹಾಕಿ ಪಾಠ ಶುರು ಮಾಡುವ ವಯಸ್ಸು ಮತ್ತು ಬಾಯಿ ತುಂಬ ಹಲ್ಲು ಅಲ್ಲಾಡುವ ವಯಸ್ಸು ಒಂದೇ. ಇದರ ಜೊತೆಗೆ ಕೆಲವು ಕುದುರೆಗಳಿಗೆ ದವಡೆ ಹಲ್ಲಿನ ಮುಂದೆ ವುಲ್ಫ್ ಟೂತ್ ಅನ್ನುವ ಪುಟ್ಟ ಹಲ್ಲು ಬರುತ್ತದೆ. ಕಡಿವಾಣ ಕೂರುವ ಜಾಗಕ್ಕೆ ಅಂಟಿಕೊಂಡೇ ಇರುತ್ತದೆ. ಲಗಾಮು ಎಳೆದಾಗ ಕಡಿವಾಣ ಅದಕ್ಕೆ ತಗುಲಿದರೆ ಕುದುರೆ ತಲೆ ಎಸೆಯುತ್ತದೆ. ಮಲ್ಲನಿಗೂ ಹೀಗೇ ಆಗಿತ್ತು. ಬಲಕ್ಕೆ ತಿರುಗು ಅಂದರೆ ತಲೆ ಎತ್ತಿ ಎಡಕ್ಕೆ ವಾಲುತ್ತಿದ್ದ. ಡಾಕ್ಟರ್ರು ಬಂದು ಬಾಯಿ ತೆರೆದು ಬೆರಳಾಡಿಸಿದರು. ಬಲಗಡೆ ಮೇಲೆ ಗೋಧಿ ಕಾಳಿಗಿಂತ ಸ್ವಲ್ಪ ದೊಡ್ಡ ಹಲ್ಲು. ಅದನ್ನು ತೆಗೆಸಿ, ಗಾಯ ಮಾಯುವವರೆಗೆ ಬಾಯಿಗೆ ಏನೂ ಹಾಕಲಿಲ್ಲ. ಆಮೇಲೆ ಬಲಕ್ಕೆ ತಿರುಗುವುದು ಕಲಿಸಬೇಕಾಗೇ ಇರಲಿಲ್ಲ.

ಎಲುಬಿನ ಲೆಕ್ಕವೂ ತಿಳಿದಿರಬೇಕು. ಕುದುರೆ ಎರಡು ವರ್ಷಕ್ಕೆ ಎತ್ತರ ಬಂದು ದೊಡ್ಡದಾಗಿ ಕಾಣುತ್ತದೆ. ಆದರೆ ಮುಂಗಾಲಿನ ಮಂಡಿಯ ಮೇಲಿನ ಎಲುಬಿನಲ್ಲಿ ಬೆಳೆಯುವ ಭಾಗ ಗಟ್ಟಿಯಾಗುವುದು ಸುಮಾರು ಎರಡು, ಎರಡೂವರೆ ವರ್ಷಕ್ಕೆ. ಬೆನ್ನುಮೂಳೆ ಎಲ್ಲಕ್ಕಿಂತ ಕೊನೆಗೆ, ಐದಾರು ವರ್ಷದ ಹೊತ್ತಿಗೆ. ನಾವು ಕೂರುವುದೇ ಆ ಬೆನ್ನಿನ ಮೇಲೆ. ಬೆಳೆದ ಕುದುರೆಗೂ ಜೀನು ಸೇರಿಸಿ ಅದರ ತೂಕದ ಐದನೇ ಒಂದು ಭಾಗಕ್ಕಿಂತ ಹೆಚ್ಚು ಹೊರಿಸಬಾರದು ಅಂತ ಸಾಮಾನ್ಯವಾಗಿ ಹೇಳುತ್ತಾರೆ. 400 ಕೆ.ಜಿ. ಕುದುರೆಗೆ 80 ಕೆ.ಜಿ. ಎಳೆಯದಕ್ಕೆ ಅದಕ್ಕಿಂತ ತುಂಬ ಕಡಿಮೆ ಇದ್ದರೆ ಒಳ್ಳೆಯದು, ಹೊತ್ತೂ ಕಡಿಮೆ. ನಾನು ಮಲ್ಲನ ಮೇಲೆ ಒಂದು ಸಲಕ್ಕೆ ಇಪ್ಪತ್ತು ನಿಮಿಷ ದಾಟುವುದಿಲ್ಲ.

ಇನ್ನು ಜೀನು. ಎಳೆ ಕುದುರೆಯ ಮೈ ಆರು ತಿಂಗಳಿಗೊಮ್ಮೆ ಬದಲಾಗುತ್ತದೆ. ಜನವರಿಯಲ್ಲಿ ಸರಿಯಾಗಿ ಕೂತ ಜೀನು ಜೂನ್‌ನಲ್ಲಿ ಹೆಗಲು ಒತ್ತಬಹುದು. ಸವಾರಿ ಮುಗಿದ ಮೇಲೆ ಜೀನು ತೆಗೆದು ಬೆವರಿನ ಗುರುತು ನೋಡಿ. ಎಲ್ಲಾ ಕಡೆ ಒದ್ದೆ ಇದ್ದು, ಹೆಗಲ ಹಿಂದೆ ಅಂಗೈ ಅಗಲ ಜಾಗ ಮಾತ್ರ ಒಣಗಿದ್ದರೆ ಅಲ್ಲಿ ಜಾಸ್ತಿ ಒತ್ತುತ್ತಿರಬಹುದು. ಬೆರಳಿನಿಂದ ಬೆನ್ನಿನ ಎರಡೂ ಪಕ್ಕ ನಿಧಾನಕ್ಕೆ ಒತ್ತುತ್ತಾ ಹೋಗಿ. ಎಲ್ಲಿ ಚರ್ಮ ಅದುರುತ್ತದೆ, ಎಲ್ಲಿ ಬೆನ್ನು ಕುಗ್ಗಿಸುತ್ತದೆ, ಎಲ್ಲಿ ಕಿವಿ ಹಿಂದೆ ಹೋಗುತ್ತದೆ ನೋಡಿ. ಹತ್ತುವ ಕಲ್ಲಿನ ಹತ್ತಿರ ನಿಲ್ಲದೆ ಸುತ್ತುವ ಎಷ್ಟೋ ಕುದುರೆಗಳ 'ಹಟ' ಈ ಅಂಗೈ ಅಗಲದಲ್ಲಿ ಇರುತ್ತದೆ.

ಹೊಟ್ಟೆಪಟ್ಟಿ ಬಿಗಿಯುವಾಗ ಕಚ್ಚಲು ಬಂದರೆ ಹೊಟ್ಟೆಯನ್ನೂ ಅನುಮಾನಿಸಬೇಕು. ಕುದುರೆಯ ಹೊಟ್ಟೆಯಲ್ಲಿ ಆಸಿಡ್ ಇಡೀ ದಿನ ಒಸರುತ್ತಲೇ ಇರುತ್ತದೆ, ತಿಂದರೂ ತಿನ್ನದಿದ್ದರೂ. ಜೊಲ್ಲು ಬರುವುದು ಅಗಿಯುವಾಗ ಮಾತ್ರ. ರಾತ್ರಿಯೆಲ್ಲ ಹುಲ್ಲಿಲ್ಲದೆ ನಿಲ್ಲಿಸಿ, ಬೆಳಿಗ್ಗೆ ಒಂದು ಬಕೆಟ್ ಹುರುಳಿ ಬೂಸ ಕೊಟ್ಟು ಓಡಿಸಿದರೆ ಹುಣ್ಣಾಗಬಹುದು. ರೇಸ್ ತರಬೇತಿಯಲ್ಲಿರುವ ಕುದುರೆಗಳಲ್ಲಿ ಬಹುಪಾಲಿಗೆ ಈ ಹುಣ್ಣು ಇರುತ್ತದೆ. ಸವಾರಿಗೆ ಮುಂಚೆ ಒಂದಿಷ್ಟು ಒಣಹುಲ್ಲು ತಿನ್ನಲು ಬಿಡುವುದು ಸುಲಭದ ಕೆಲಸ, ಅಲ್ವಾ? ಇನ್ನೊಂದು ಕಡೆ, ಕೆಲಸ ಕಡಿಮೆ ಮಾಡಿಸಿ ಕಾಳು ಜಾಸ್ತಿ ತಿನ್ನಿಸಿದರೆ ಕುದುರೆ ನಿಂತಲ್ಲಿ ನಿಲ್ಲುವುದಿಲ್ಲ. ಮಳೆ ಹಿಡಿದು ವಾರಗಟ್ಟಲೆ ಲಾಯದಲ್ಲೇ ಇದ್ದಾಗ ಹುರುಳಿಯನ್ನು ಮೊದಲು ಕಡಿಮೆ ಮಾಡಿ.

ನೋವಿನ ಗುರುತು ಹಿಡಿಯಲು ಒಂದು ಒಳ್ಳೆಯ ಸಾಧನ ಇದೆ. ಬ್ರಿಟನ್ನಿನ ಪಶುವೈದ್ಯೆ ಸ್ಯೂ ಡೈಸನ್ ಮತ್ತು ಅವರ ಜೊತೆಗಾರರು ಸವಾರಿ ಮಾಡುವಾಗ ಕುದುರೆ ತೋರುವ 24 ವರ್ತನೆಗಳ ಪಟ್ಟಿ ಮಾಡಿದ್ದಾರೆ. ಕಿವಿ ಐದು ಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಂದಕ್ಕೇ ಇರುವುದು, ತಲೆ ಓರೆ ಮಾಡುವುದು, ಮೇಲಿನ ಕೆಳಗಿನ ಹಲ್ಲು ಬೇರೆಯಾಗುವಷ್ಟು ಬಾಯಿ ತೆರೆಯುವುದು, ಬಾಲ ಬೀಸುತ್ತಲೇ ಇರುವುದು, ಮುಂದೆ ಹೋಗಲು ಹಿಂಜರಿಯುವುದು ಇಂಥವು. ಅದರಲ್ಲಿ 8 ಅಥವಾ ಹೆಚ್ಚು ಕಂಡರೆ ಎಲುಬು, ಸ್ನಾಯುಗಳ ನೋವು ಇರುವ ಸಾಧ್ಯತೆ ಜಾಸ್ತಿ. ನಮ್ಮ ಹಿರಿಯರು ದುರ್ಗುಣ ಅಂತ ಕರೆಯುತ್ತಿದ್ದ ಅರ್ಧಕ್ಕರ್ಧ ಆ ಪಟ್ಟಿಯಲ್ಲೇ ಇದೆ. ನೀವೊಬ್ಬರು ಸವಾರಿ ಮಾಡುವಾಗ ಇನ್ನೊಬ್ಬರು ಮೊಬೈಲಿನಲ್ಲಿ ವಿಡಿಯೊ ಮಾಡಲಿ, ಆಮೇಲೆ ಕೂತು ನೋಡಿ. ಅನುಮಾನ ಬಂದರೆ ಪಶುವೈದ್ಯರಿಗೆ ಆ ವಿಡಿಯೊ ತೋರಿಸಿ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ, ನಮ್ಮ ಕಡೆಯವರಿಗೆ ದೂರ ಏನಲ್ಲ.

ಬಿಡುವ ಗಳಿಗೆ

ಮೈ ಸರಿ ಇದೆ ಅಂತ ಖಾತ್ರಿ ಆದ ಮೇಲೆ ಕಲಿಸುವ ಮಾತು. ಇದು ಇಡೀ ವಿಷಯದ ನಡುಮನೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕುದುರೆಗೆ ನಾವು ಹೇಳುವುದೆಲ್ಲ ಒತ್ತಡದ ಭಾಷೆಯಲ್ಲಿ. ಕಾಲು ಪಕ್ಕೆಗೆ ತಾಗಿದರೆ ಮುಂದೆ ಹೋಗು. ಲಗಾಮು ಬಿಗಿಯಾದರೆ ನಿಲ್ಲು. ಆದರೆ ಒತ್ತಿದ್ದರಿಂದ ಕುದುರೆ ಏನೂ ಕಲಿಯುವುದಿಲ್ಲ. ಒತ್ತಿದಾಗ ಅದಕ್ಕೆ ಕಿರಿಕಿರಿ ಆಗುತ್ತದೆ, ಏನು ಮಾಡಿದರೆ ಇದು ಹೋಗುತ್ತದೆ ಅಂತ ಹುಡುಕುತ್ತದೆ. ತಲೆ ಎತ್ತಿ ನೋಡುತ್ತದೆ, ಪಕ್ಕಕ್ಕೆ ವಾಲುತ್ತದೆ, ಹಿಂದೆ ಹೋಗುತ್ತದೆ. ಯಾವುದನ್ನು ಮಾಡಿದಾಗ ಒತ್ತಡ ಹೋಯಿತೋ ಅದೇ ಸರಿಯಾದ ಉತ್ತರ ಅಂತ ತಲೆಯಲ್ಲಿ ಕೂರುತ್ತದೆ. ಕಲಿಯುವುದು ಬಿಟ್ಟ ಗಳಿಗೆಯಲ್ಲಿ. ಆ ಬಿಡುವಿಕೆ ಸರಿಯಾದ ಹೆಜ್ಜೆಯ ಹಿಂದೆಯೇ, ಒಂದು ಸೆಕೆಂಡಿನ ಒಳಗೆ ಬರಬೇಕು. ಐದು ಸೆಕೆಂಡು ತಡವಾದರೆ ಅಷ್ಟರಲ್ಲಿ ಕುದುರೆ ಬೇರೇನೋ ಮಾಡಿರುತ್ತದೆ. ಅದನ್ನೇ ಕಲಿಯುತ್ತದೆ.

ಇದನ್ನು ನೆಲದ ಮೇಲೆ ನಿಂತು ಕಲಿಯುವುದು ಒಳ್ಳೆಯದು. ಹಾಲ್ಟರ್ (ಕಡಿವಾಣ ಇಲ್ಲದ ತಲೆಪಟ್ಟಿ) ಹಾಕಿ, ಹಗ್ಗ ಹಿಡಿದು ಕುದುರೆಯ ಹೆಗಲ ಪಕ್ಕ ನಿಲ್ಲಿ. ಹಗ್ಗವನ್ನು ಎರಡೇ ಬೆರಳಿನಲ್ಲಿ ಮುಂದಕ್ಕೆ ಹಿಡಿಯಿರಿ, ಎಳೆದೂ ಎಳೆಯದ ಹಾಗೆ. ಮನಸ್ಸಿನಲ್ಲಿ ಮೂರು ಎಣಿಸಿ. ಏನೂ ಆಗದಿದ್ದರೆ ಸ್ವಲ್ಪ ಬಿಗಿ ಮಾಡಿ. ಮತ್ತೆ ಮೂರು. ಜಗ್ಗಬೇಡಿ. ಜಗ್ಗಿದರೆ 400 ಕೆ.ಜಿ. ಪ್ರಾಣಿಯ ಜೊತೆ ಹಗ್ಗಜಗ್ಗಾಟ ಆಗುತ್ತದೆ, ತಾನೇ ಜೋರು ಅಂತ ಅದಕ್ಕೆ ಗೊತ್ತಾಗಿಬಿಡುತ್ತದೆ. ಸುಮ್ನೆ ಅಷ್ಟೇ ಬಿಗಿಯಲ್ಲಿ ಇರಿ. ಮೊದಲು ಅದರ ತೂಕ ಮುಂಗಾಲಿನ ಕಡೆ ವಾಲುತ್ತದೆ. ಗೊರಸು ಇನ್ನೂ ಎದ್ದಿರುವುದಿಲ್ಲ. ಎದೆ ಮಾತ್ರ ಒಂದು ಇಂಚು ಮುಂದೆ ಬಂದಿರುತ್ತದೆ. ಅಲ್ಲೇ ಕೈ ಸಡಿಲ ಬಿಡಿ, ಪೂರ್ತಿ. ಹೆಗಲ ಮೇಲೆ ತುರಿಸಿ. ಎರಡನೇ ಸಲ ಒಂದು ಹೆಜ್ಜೆ ಬರುತ್ತದೆ. ಹತ್ತನೇ ಸಲಕ್ಕೆ ಎರಡು ಬೆರಳಿನ ಬಿಗಿ ಸಾಕಾಗುತ್ತದೆ.

ಹೆಗಲ ಮೇಲೆ ತುರಿಸಿ ಅಂದೆ, ಅದು ಸುಮ್ಮನೆ ಅಂದದ್ದಲ್ಲ. ಕುದುರೆಗಳು ಒಂದಕ್ಕೊಂದು ಹಲ್ಲಿನಿಂದ ಮೈ ಕೆರೆದುಕೊಳ್ಳುವುದು ಜೂಲಿನ ಬುಡದಲ್ಲಿ, ಹೆಗಲ ಹತ್ತಿರ. ಅಲ್ಲಿ ಕೆರೆದಾಗ ಎದೆಬಡಿತ ನಿಧಾನವಾಗುತ್ತದೆ ಅಂತ 1993ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಕತ್ತು ತಟ್ಟಿ ಶಹಬ್ಬಾಸ್ ಅನ್ನುವುದು ನಮಗೆ ಖುಷಿ. ಅದಕ್ಕೆ ಬೇಕಾದ್ದು ತುರಿಕೆ.

ಅಣ್ಣನ ಮಗಳು ರಜೆಗೆ ಬಂದಾಗ ಸವಾರಿ ಕಲಿಯುತ್ತಾಳೆ. ಒಂದು ಸಂಜೆ ಮಲ್ಲ ಅವಳ ಕೆಳಗೆ ನಿಂತಲ್ಲೇ ಬಾಲ ಬೀಸುತ್ತಾ, ಕತ್ತು ಮೇಲೆ ಕೆಳಗೆ ಮಾಡುತ್ತಾ ಇದ್ದ.

"ಅತ್ತೆ, ನೋಡಿ ಇವನನ್ನ. ಬೇಕಂತಲೇ ಮಾಡ್ತಿದ್ದಾನೆ."

"ಪುಟ್ಟಿ, ನಿನ್ನ ಕಾಲು ಏನು ಹೇಳ್ತಾ ಇದೆ?"

"ಮುಂದೆ ಹೋಗು ಅಂತ."

"ಕೈ?"

ಅವಳು ಕೆಳಗೆ ನೋಡಿದಳು. ಬೀಳುವ ಹೆದರಿಕೆಗೆ ಲಗಾಮನ್ನು ಎದೆಗೆ ಅವುಚಿ ಹಿಡಿದಿದ್ದಳು. ಕಾಲು ಹೋಗು ಅನ್ನುತ್ತಿತ್ತು, ಕೈ ನಿಲ್ಲು ಅನ್ನುತ್ತಿತ್ತು. ಅವಳು ಕೈ ಒಂದು ಗೇಣು ಮುಂದೆ ಬಿಟ್ಟಳು. ಮಲ್ಲ ಉಸಿರು ಬಿಟ್ಟು ನಡೆದ. ಒಂದು ಸಲಕ್ಕೆ ಒಂದೇ ಮಾತು ಹೇಳಬೇಕು. ಎರಡು ಒಟ್ಟಿಗೆ ಹೇಳಿದರೆ ಎಂಥ ಸಾಧು ಕುದುರೆಯೂ ಒಂದು ದಿನ ಹಿಂಗಾಲು ಝಾಡಿಸುತ್ತದೆ.

ಬೆಂಗಳೂರು, ಮೈಸೂರಿನ ರೇಸ್ ಮುಗಿಸಿ ಬಂದ ಕುದುರೆಗಳನ್ನು ತೆಗೆದುಕೊಳ್ಳುವವರು ಇನ್ನೊಂದು ವಿಷಯ ತಿಳಿದಿರಲಿ. ರೇಸ್‌ನಲ್ಲಿ ಅವು ಕಡಿವಾಣಕ್ಕೆ ವಾಲಿ ಓಡಲು ಕಲಿತಿರುತ್ತವೆ. ಜಾಕಿ ಲಗಾಮು ಬಿಗಿ ಹಿಡಿದ ಅಂದರೆ ಓಡುವ ಹೊತ್ತು ಬಂತು ಅಂತ. ನೀವು ನಿಲ್ಲಿಸಲು ಎಳೆದಷ್ಟೂ ಅದು ಜೋರಾಗುತ್ತದೆ. ಪಾಪ, ಅದು ತಾನು ಕಲಿತ ಪಾಠವನ್ನು ಸರಿಯಾಗಿಯೇ ಒಪ್ಪಿಸುತ್ತಿದೆ. ಅಂಥದ್ದಕ್ಕೆ ವಯಸ್ಸು ಎಷ್ಟೇ ಆಗಿರಲಿ, ಹಾಲ್ಟರ್ ಮತ್ತು ಹಗ್ಗದ ಪಾಠದಿಂದಲೇ ಶುರು ಮಾಡಬೇಕು.

ಹೆದರಿದ್ದನ್ನು ಸುಸ್ತು ಮಾಡಿ ಗೆಲ್ಲಬೇಡಿ

ಟಾರ್ಪಾಲು ಕಂಡರೆ ಬೆದರುವ ಕುದುರೆಯನ್ನು ಕಂಬಕ್ಕೆ ಕಟ್ಟಿ, ಮೈ ಮೇಲೇ ಟಾರ್ಪಾಲು ಹಾಕಿ, ಒದ್ದಾಡಿ ಸುಸ್ತಾಗುವವರೆಗೆ ಬಿಡುವ ಪದ್ಧತಿ ಇದೆ. ಕೊನೆಗೆ ಅದು ಸುಮ್ಮನೆ ನಿಲ್ಲುವುದೂ ನಿಜ. ಆದರೆ ಹತ್ತಿರ ಹೋಗಿ ಕಣ್ಣು ನೋಡಿ. ಕಿವಿ ಆಡುವುದಿಲ್ಲ, ಕಣ್ಣು ಎಲ್ಲೂ ನೋಡುವುದಿಲ್ಲ. ಏನು ಮಾಡಿದರೂ ಬಿಡುಗಡೆ ಇಲ್ಲ ಅಂತ ಕೈಚೆಲ್ಲಿದೆ, ಅಷ್ಟೇ. ಅಂಥ ಕುದುರೆ ಒಂದು ದಿನ ಯಾವ ಸೂಚನೆಯೂ ಕೊಡದೆ ಸಿಡಿಯುತ್ತದೆ. ದಯವಿಟ್ಟು ಇದನ್ನು ಮಾಡಬೇಡಿ.

ನಾವು ಮಾಡಿದ್ದು ಹೀಗೆ. ಕಣದಲ್ಲಿ ಟಾರ್ಪಾಲು ಮಡಚಿ ಇಟ್ಟೆವು. ಮಲ್ಲನನ್ನು ಹಗ್ಗದಲ್ಲಿ ನಡೆಸಿಕೊಂಡು ಬಂದೆ. ಒಂದು ದೂರದಲ್ಲಿ ಅವನ ಕಿವಿ ಮುಂದೆ ನೆಟ್ಟಿತು, ಉಸಿರು ಮಾತ್ರ ಇನ್ನೂ ಸರಾಗವಾಗಿತ್ತು. ಅಲ್ಲೇ ನಿಂತೆ. ಅವನು ಹಿಂದೆ ಹೋಗಬೇಕು ಅನ್ನುವ ಮೊದಲೇ ನಾನೇ ತಿರುಗಿಸಿ ದೂರ ಕರೆದುಕೊಂಡು ಹೋದೆ. ಮತ್ತೆ ಬಂದೆವು, ಈ ಸಲ ಎರಡು ಹೆಜ್ಜೆ ಹತ್ತಿರ. ಮತ್ತೆ ದೂರ. ಹೆದರಿ ನಿಂತು ಗಟ್ಟಿಯಾಗುವ ಮಟ್ಟ ಮುಟ್ಟಿಸದೆ, ಅದರ ಈಚೆಗೇ ಕೆಲಸ ಮಾಡುವುದು. ಎರಡನೇ ದಿನ ತೋಟದ ಅಣ್ಣ ಟಾರ್ಪಾಲನ್ನು ನಿಧಾನಕ್ಕೆ ಎಳೆದುಕೊಂಡು ನಮ್ಮಿಂದ ದೂರ ನಡೆದರು, ನಾವು ಹಿಂದೆ ಹೋದೆವು. ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಓಡಿ ಹೋಗುವ ವಸ್ತುವಿಗೆ ಕುದುರೆ ಹೆದರುವುದು ಕಡಿಮೆ, ಅದರ ಹಿಂದೆ ಹೋಗುತ್ತಾ ಧೈರ್ಯ ಬರುತ್ತದೆ. ಮೂರನೇ ದಿನ ಮೂಸಿದ. ನಾಲ್ಕನೇ ದಿನ ಹರವಿದ ಟಾರ್ಪಾಲಿನ ಅಂಚಿಗೆ ಒಂದು ಗೊರಸು ಇಟ್ಟ, ಸರ್ ಅನ್ನುವ ಸದ್ದಿಗೆ ತೆಗೆದ, ತಾನೇ ಮತ್ತೆ ಇಟ್ಟ. ಆಮೇಲೆ ಬಾಯಿ ಚಪ್ಪರಿಸಿದ. ಚಪ್ಪರಿಸಿದರೆ ಅರ್ಥವಾಯಿತು ಅಂತ ಅನೇಕರು ಹೇಳುತ್ತಾರೆ. ಮೈಯ ಬಿಗಿ ಈಗ ತಾನೆ ಸಡಿಲಾಯಿತು ಅನ್ನುವುದಕ್ಕೆ ಅದು ಗುರುತು. ಅಂದರೆ ಅದಕ್ಕೆ ಮುಂಚೆ ಬಿಗಿ ಇತ್ತು ಅಂತ ತಿಳಿದುಕೊಳ್ಳಬೇಕು.

ಹಳ್ಳಕ್ಕೂ ಇದೇ ದಾರಿ, ಜೊತೆಗೆ ಎತ್ತು ಪಳಗಿಸುವವರಿಂದ ಕಲಿತ ಒಂದು ಉಪಾಯ. ಹಳೇಬೀಡಿನ ಗುಡಿಯ ತಳದ ಪಟ್ಟಿಗಳಲ್ಲಿ ಆನೆ, ಸಿಂಹಗಳ ಮೇಲೆ ಕುದುರೆ ಸವಾರರ ಸಾಲೇ ಇದೆ. ಆದರೂ ಈಗ ನಮ್ಮ ಕಡೆ ಮನೆಮನೆಯಲ್ಲಿ ಉಳಿದಿರುವುದು ಎತ್ತು ಪಳಗಿಸುವ ತಿಳಿವಳಿಕೆ. ಅಜ್ಜಂಪುರದ ಅಮೃತ್ ಮಹಲ್ ಹೋರಿಗಳ ಬಿರುಸು ಎಲ್ಲರಿಗೂ ಗೊತ್ತು. ಹೊಸ ಹೋರಿಯನ್ನು ಪಳಗಿದ ಎತ್ತಿನ ಜೊತೆ ನೊಗಕ್ಕೆ ಕಟ್ಟುತ್ತಾರೆ. ಅರ್ಧ ಪಾಠ ಆ ಹಳೆ ಎತ್ತೇ ಹೇಳುತ್ತದೆ. ನಾನೂ ನಮ್ಮ ಹನ್ನೆರಡು ವರ್ಷದ ಹೆಣ್ಣು ಕುದುರೆಯನ್ನು ಮುಂದೆ ಬಿಟ್ಟೆ. ಅದು ಹಳ್ಳದ ನಡುವೆ ನಿಂತು ನೀರು ಕುಡಿಯಿತು. ಮಲ್ಲನ ಹಗ್ಗ ಉದ್ದಕ್ಕೆ ಬಿಟ್ಟಿದ್ದೆ. ತಲೆ ಬಗ್ಗಿಸಿದ, ಮೂಸಿದ, ಒಂದು ಕಾಲಿನಿಂದ ನೀರು ಬಡಿದ. ಐದನೇ ದಿನ ದಾಟಿದ. ದಾಟಿದ್ದಕ್ಕಿಂತ ಜಾಸ್ತಿ ಹಾರಿದ, ಹಾಗಾಗಿ ಮೊದಲ ಸಲ ಹಗ್ಗ ಹಿಡಿದವರು ಎದುರಿಗೆ ನಿಲ್ಲದೆ ಪಕ್ಕದಲ್ಲಿರಬೇಕು.

ಒಂದು ಮಾತು ಸೇರಿಸಬೇಕು. ಕಳೆದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ, ದಿನಾ ಹೋಗುವ ತಿರುವಿನಲ್ಲೇ ಹೆಣ್ಣು ಕುದುರೆ ಮತ್ತು ಮಲ್ಲ ಇಬ್ಬರೂ ನಿಂತುಬಿಟ್ಟರು. ಹಳೆಯದೂ ಒಪ್ಪಲಿಲ್ಲ. ನಾವು ವಾಪಸ್ ಬಂದೆವು. ಮಧ್ಯಾಹ್ನ ಹೋಗಿ ನೋಡಿದರೆ ತಿರುವಿನ ಆಚೆ ಮುರಿದ ಬೈನೆ ಮರ, ಹಸಿ ಆನೆ ಲದ್ದಿ. ಮೂಡಿಗೆರೆ, ಸಕಲೇಶಪುರ, ಆಲೂರು ಕಡೆ ಸವಾರಿ ಮಾಡುವವರು ಇದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಲೇಬೇಕು. ಪಳಗಿದ ಕುದುರೆ ಗೊತ್ತಿರುವ ಜಾಗದಲ್ಲಿ ಹೊಸದಾಗಿ ನಿಂತರೆ ಮುಂದೆ ತಳ್ಳಬೇಡಿ.

ಅಪಾಯದ ಮೂರು

ಮುಂಗಾಲೆತ್ತಿ ನೆಟ್ಟಗೆ ನಿಲ್ಲುವುದು ಎಲ್ಲಕ್ಕಿಂತ ಅಪಾಯ, ಯಾಕೆಂದರೆ ಕುದುರೆ ಹಿಂದಕ್ಕೆ ಮಗುಚಿ ಸವಾರರ ಮೇಲೆ ಬೀಳಬಹುದು. ಆ ಗಳಿಗೆಯಲ್ಲಿ ಲಗಾಮು ಹಿಡಿದು ನೇತಾಡಬೇಡಿ, ನೀವೇ ಬೀಳಿಸಿದ ಹಾಗೆ. ಲಗಾಮು ಬಿಟ್ಟುಕೊಡಿ, ಮುಂದೆ ಬಾಗಿ ಜೂಲು ಇಲ್ಲ ಕತ್ತು ಹಿಡಿಯಿರಿ. ಮುಂಗಾಲು ನೆಲ ಮುಟ್ಟಿದ ಕೂಡಲೇ ಮುಂದೆ ನಡೆಸಿ. ಕುದುರೆ ಮೇಲೇಳುವುದು ಮುಂದಿನ ದಾರಿ ಮುಚ್ಚಿದೆ ಅನ್ನಿಸಿದಾಗ. ಕೈಯ ಬಿಗಿಯೋ, ಬಾಯಿಯ ನೋವೋ, ಎದುರಿನ ಹೆದರಿಕೆಯೋ ಹುಡುಕಿ. ಎರಡು ಸಲ ಹೀಗಾದರೆ ನೀವೇ ಮುಂದುವರಿಸದೆ ಅನುಭವಿಗಳಿಗೆ ಒಪ್ಪಿಸಿ. ಇದರಲ್ಲಿ ಸಣ್ಣತನ ಏನೂ ಇಲ್ಲ.

ಬೆನ್ನು ಬಿಲ್ಲಾಗಿಸಿ ಹಿಂಗಾಲು ಎಸೆಯುವಾಗ ಕುದುರೆ ತಲೆ ಕೆಳಗೆ ಹಾಕುತ್ತದೆ. ತಲೆ ಮೇಲಿದ್ದು ಮುಂದೆ ನಡೆಯುತ್ತಿದ್ದರೆ ಜೋರಾಗಿ ಎಸೆಯುವುದು ಕಷ್ಟ. ಮೊದಲ ಸಲ ಕ್ಯಾಂಟರ್, ಅಂದರೆ ನಾಗಾಲೋಟಕ್ಕಿಂತ ನಿಧಾನದ ಓಟ, ಕೇಳಿದಾಗ, ಚಳಿಯ ಬೆಳಿಗ್ಗೆ, ಹೊಸ ಜೀನಿನಲ್ಲಿ ಇದು ಜಾಸ್ತಿ. ಬಿದ್ದರೆ, ಮೈಗೆ ಏನೂ ಆಗದಿದ್ದರೆ, ಕುದುರೆಯನ್ನು ನೇರ ಲಾಯಕ್ಕೆ ಕಳಿಸಬೇಡಿ. ಹಗ್ಗದಲ್ಲಾದರೂ ಎರಡು ಸುಲಭದ ಕೆಲಸ ಮಾಡಿಸಿ ಆಮೇಲೆ ಜೀನು ಇಳಿಸಿ. ಇಲ್ಲದಿದ್ದರೆ ನನ್ನ ಹಳ್ಳದ ಕಥೆಯೇ.

ಹಿಡಿತ ತಪ್ಪಿ ಓಡುವ ಕುದುರೆಗೆ ಎರಡೂ ಲಗಾಮು ಎಳೆದು ಹಿಡಿದರೆ ಅದು ಅದಕ್ಕೇ ವಾಲಿ ಓಡುತ್ತದೆ. ಎಳೆದು ಬಿಟ್ಟು, ಎಳೆದು ಬಿಟ್ಟು ಮಾಡಿ, ಜಾಗ ಇದ್ದರೆ ದೊಡ್ಡ ಸುತ್ತಿಗೆ ತಿರುಗಿಸಿ, ಸುತ್ತು ಸಣ್ಣದು ಮಾಡುತ್ತಾ ಬನ್ನಿ. ನಾಗಾಲೋಟದಲ್ಲಿ ಒಂದೇ ಲಗಾಮು ಗಕ್ಕನೆ ಎಳೆದರೆ ಕುದುರೆ ಸವಾರ ಇಬ್ಬರೂ ಉರುಳುತ್ತಾರೆ. ಒಂದು ಲಗಾಮಿಗೆ ಕತ್ತು ಬಗ್ಗಿಸಿ ಹಿಂಗಾಲು ಪಕ್ಕಕ್ಕೆ ಹಾಕುವುದನ್ನು ನಿಂತಾಗ, ನಡೆಯುವಾಗ ಮೊದಲೇ ನೂರು ಸಲ ಕಲಿಸಿರಬೇಕು. ಆಗ ಓಟ ಶುರುವಾಗುವ ಮೊದಲ ಹೆಜ್ಜೆಯಲ್ಲೇ ಅದು ಕೈಗೆ ಬರುತ್ತದೆ. ಸವಾರಿಗೆ ಅಂತಲೇ ಮಾಡಿದ ಹೆಲ್ಮೆಟ್, ಹಿಮ್ಮಡಿ ಇರುವ ಬೂಟು ಇಲ್ಲದೆ ಎಳೆ ಕುದುರೆ ಹತ್ತಬೇಡಿ. ಚಪ್ಪಟೆ ಶೂ ರಿಕಾಪಿನಲ್ಲಿ (ಜೀನಿನಿಂದ ನೇತಾಡುವ ಕಾಲಿಡುವ ಬಳೆ) ಒಳಗೆ ಜಾರಿ ಸಿಕ್ಕಿಕೊಳ್ಳುತ್ತದೆ.

ಕಚ್ಚುವುದರ ಬಗ್ಗೆ ಒಂದೇ ಮಾತು. ಅಂಗೈಯಲ್ಲಿ ಬೆಲ್ಲ ತಿನ್ನಿಸುವುದು ನಿಲ್ಲಿಸಿ, ಬಕೆಟ್ಟಿಗೆ ಹಾಕಿ.

ಕಾಲೆತ್ತಲು ಬಿಡದ್ದಕ್ಕೂ ಮೇಲಿನ ಪಾಠವೇ. ಲಾಳ ಕಟ್ಟುವವರು ಬರುವ ದಿನವೇ ಮೊದಲ ಸಲ ಕಾಲು ಹಿಡಿದರೆ ಜಗಳ ಖಂಡಿತ. ತಿಂಗಳು ಮುಂಚೆಯಿಂದ ದಿನಾ ಎರಡು ನಿಮಿಷ ಕೈಯನ್ನು ಹೆಗಲಿನಿಂದ ಗೊರಸಿನವರೆಗೆ ಸವರಿ. ಎತ್ತಿದ ಕಾಲನ್ನು ಕುದುರೆ ಕಿತ್ತುಕೊಳ್ಳುವಾಗ ಬಿಡಬೇಡಿ, ಕಾಲಿನ ಜೊತೆಗೇ ನಿಮ್ಮ ಕೈಯೂ ಹೋಗಲಿ. ಕಾಲು ಭಾರವಾಗಿ ಸಡಿಲವಾದ ಗಳಿಗೆಯಲ್ಲಿ ನೀವೇ ಕೆಳಗೆ ಇಡಿ.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ನಾವು ಸವಾರಿ ನಿಲ್ಲಿಸುತ್ತೇವೆ. ನೆಲ ಜಾರುತ್ತದೆ, ಹಳ್ಳ ಎದೆಮಟ್ಟ ಬರುತ್ತದೆ, ಮೈಗೆಲ್ಲ ಉಂಬಳ ಹತ್ತುತ್ತವೆ. ಎಳೆ ಕುದುರೆಗೆ ಈ ನಾಲ್ಕು ತಿಂಗಳು ಬೆಳೆಯಲು ಸಿಕ್ಕ ಬಿಡುವು, ಕಲಿತದ್ದನ್ನು ಅದು ಮರೆಯುವುದಿಲ್ಲ. ದಿನಾ ಗೊರಸಿನ ಅಡಿ ಕೆರೆದು ಒಣಗಿಸುವುದೊಂದು ತಪ್ಪಿಸಬಾರದು. ನಡುವಿನ ಮೆತ್ತನೆ ಭಾಗ ಕಪ್ಪಾಗಿ ಕೊಳೆತ ವಾಸನೆ ಬಂದರೆ ಮುಂದಿನ ಹಂಗಾಮಿನ 'ಹಟ' ಅಲ್ಲೇ ಶುರುವಾಗಿರುತ್ತದೆ. ಅಕ್ಟೋಬರ್‌ನಲ್ಲಿ ಮೊದಲ ವಾರ ಜೀನು ಹೊರಗೆ ತರುವುದಿಲ್ಲ. ಹಾಲ್ಟರ್, ಹಗ್ಗ, ಒಂದು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ. ಎರಡನೇ ವಾರ ಬೆನ್ನು ಒತ್ತಿ ನೋಡಿ, ಜೀನು ಕೂರಿಸಿ, ಅಳತೆ ಬದಲಾಗಿದೆಯಾ ಅಂತ ನೋಡುವುದು. ಹಳ್ಳಕ್ಕೆ ಹೋಗುವುದು ಮೂರನೇ ವಾರ, ಹೆಣ್ಣು ಕುದುರೆ ಮುಂದೆ, ಮಲ್ಲ ಹಿಂದೆ, ಲಗಾಮು ಉದ್ದಕ್ಕೆ ಬಿಟ್ಟು.